ಉಗುರುಬೆಚ್ಚಗಿನ ನೀರು, ಬೆಚ್ಚಗಿನ ಮನೆ

ಬ್ರಿಟನ್ನಿನಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ಕನ್ನಡಿಗರು ಈಚೆಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸುವುದೇ, ಬೇಡವೇ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರ ಅದಕ್ಕೆ ಸಹಾಯಧನ ಕೊಡುತ್ತಿದೆ. 2022ರಲ್ಲಿ 5,000 ಪೌಂಡಿನಿಂದ ಶುರುವಾದದ್ದು 2023ರ ಅಕ್ಟೋಬರಿನಲ್ಲಿ 7,500ಕ್ಕೆ ಏರಿತು. ಆದರೂ ಜನ ಹಿಂದೆ ಮುಂದೆ ನೋಡುತ್ತಾರೆ. ಏಕೆಂದರೆ ಹಾಕಿಸಿಕೊಂಡವರ ಮಾತು ಒಂದೇ ರೀತಿ ಇಲ್ಲ. ಒಬ್ಬರು ಜನವರಿಯ ಕರೆಂಟ್ ಬಿಲ್ ತೋರಿಸಿ ಕಂಗಾಲಾಗಿದ್ದಾರೆ. ಎರಡು ಬೀದಿಯಾಚೆಯ ಇನ್ನೊಬ್ಬರು, ಮನೆ ಇಷ್ಟು ಹಿತವಾಗಿ ಎಂದೂ ಇರಲಿಲ್ಲ, ಖರ್ಚೂ ಇಳಿದಿದೆ ಎನ್ನುತ್ತಾರೆ. ಇಬ್ಬರ ಹಿತ್ತಲಲ್ಲೂ ನಿಂತಿರುವುದು ಒಂದೇ ಮಾದರಿಯ ಯಂತ್ರವಿರಬಹುದು. ಇಬ್ಬರು ಹೇಳುವುದೂ ನಿಜ.

ವ್ಯತ್ಯಾಸ ಯಂತ್ರದಲ್ಲಿಲ್ಲ, ಅದು ಕಾಯಿಸಬೇಕಾದ ನೀರಿನಲ್ಲಿದೆ. ಮೊದಲನೆಯ ಮನೆ ಬೆಚ್ಚಗಾಗಲು 55 ಡಿಗ್ರಿಯ ನೀರು ಬೇಕು, ಎರಡನೆಯದಕ್ಕೆ 35 ಡಿಗ್ರಿ ಸಾಕು. ನಡುವಿನ ಈ ಇಪ್ಪತ್ತು ಡಿಗ್ರಿಯ ಮೇಲೆ ಲಾಭ ನಷ್ಟದ ಪೂರ್ತಿ ಲೆಕ್ಕ ನಿಂತಿದೆ. ಹೀಟ್ ಪಂಪ್ ಬಗ್ಗೆ ಪತ್ರಿಕೆಗಳಲ್ಲಿ ಬರುವ ಜಾಹೀರಾತುಗಳು ಯಂತ್ರದ ಬಣ್ಣ, ಸದ್ದು, ಗ್ಯಾರಂಟಿಯನ್ನೆಲ್ಲ ಹೇಳುತ್ತವೆ, ಈ ಒಂದು ಸಂಖ್ಯೆಯನ್ನು ಮಾತ್ರ ಸಣ್ಣ ಅಕ್ಷರಕ್ಕೆ ಬಿಡುತ್ತವೆ. ಹಾಗಾಗಿ ಅದನ್ನೇ ಹಿಡಿದು ಬಿಡಿಸಿ ಹೇಳುವುದು ಅಗತ್ಯ ಎನಿಸಿತು.

ಯಂತ್ರ ಮಾಡುವ ಕೆಲಸ ನಮಗೆ ಹೊಸದಲ್ಲ. ಅಡುಗೆಮನೆಯ ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಒಳಗಿಟ್ಟ ಹಾಲು, ತರಕಾರಿ, ನಿನ್ನೆಯ ಸಾರು ಕಳೆದುಕೊಂಡ ಶಾಖವೇ ಅಲ್ಲಿಂದ ಹೊರಬೀಳುತ್ತಿರುತ್ತದೆ. ಹೀಟ್ ಪಂಪ್ ಇದೇ ಕೆಲಸವನ್ನು ಇಡೀ ಮನೆಯ ಪ್ರಮಾಣದಲ್ಲಿ ಮಾಡುತ್ತದೆ: ಹೊರಗಿನ ಗಾಳಿಯ ಶಾಖವನ್ನು ಎಳೆದು ಒಳಗಿನ ನೀರಿಗೆ ಕೊಡುತ್ತದೆ. ಸೊನ್ನೆ ಡಿಗ್ರಿಯ ಗಾಳಿಯಲ್ಲಿ ಶಾಖ ಎಲ್ಲಿಂದ ಬರಬೇಕು ಎಂದು ಕೇಳುವುದು ಸಹಜ. ನಮಗೆ ಅದು ಕೊರೆಯುವ ಚಳಿ. ಆದರೆ ಯಂತ್ರದೊಳಗೆ ಸುತ್ತುವ ದ್ರವಕ್ಕೆ ಹಾಗಲ್ಲ. ಈಗಿನ ಅನೇಕ ಪಂಪುಗಳಲ್ಲಿರುವುದು ಪ್ರೊಪೇನ್, ಅಂದರೆ ಅಡುಗೆ ಅನಿಲದ ಸಿಲಿಂಡರಿನಲ್ಲಿರುವ ಅನಿಲಗಳಲ್ಲಿ ಒಂದು. ಸಾಮಾನ್ಯ ಒತ್ತಡದಲ್ಲಿ ಅದು ಮೈನಸ್ 42 ಡಿಗ್ರಿಗೇ ಕುದಿಯುತ್ತದೆ. ಸೊನ್ನೆ ಡಿಗ್ರಿಯ ಗಾಳಿ ಅದಕ್ಕೆ ಒಲೆಯೇ ಸರಿ. ಹಾಗೆ ಕುದಿದು ಆವಿಯಾದದ್ದನ್ನು ಕಂಪ್ರೆಸರ್ ಅದುಮುತ್ತದೆ, ಅದುಮಿದಾಗ ಅದರ ಬಿಸಿ ಏರುತ್ತದೆ. ಆ ಬಿಸಿ ಆವಿ ಮನೆಯ ನೀರಿಗೆ ತಾಗಿ ಮತ್ತೆ ದ್ರವವಾಗುವಾಗ, ಹೊರಗಿನಿಂದ ಹೊತ್ತು ತಂದ ಶಾಖವನ್ನು ಬಿಟ್ಟುಕೊಡುತ್ತದೆ. ಕರೆಂಟು ಖರ್ಚಾಗುವುದು ಮುಖ್ಯವಾಗಿ ಅದುಮುವುದಕ್ಕೆ. ಶಾಖ ಹುಟ್ಟಿಸುವುದಕ್ಕಲ್ಲ, ಸಾಗಿಸುವುದಕ್ಕೆ.

ಸಾಗಿಸುವ ಕೆಲಸವಾದ್ದರಿಂದ ಎತ್ತರದ ಮಾತು ಬರುತ್ತದೆ. ಬಾವಿಯಿಂದ ನೀರು ಸೇದುವವರಿಗೆ ಇದು ಗೊತ್ತು: ಎರಡು ಮಾರು ಆಳದ ಬಾವಿಯಾದರೆ ಮಗುವೂ ಸೇದೀತು, ಹತ್ತು ಮಾರಾದರೆ ತೋಳು ಸೋಲುತ್ತದೆ. ಕೊಡದಲ್ಲಿರುವ ನೀರು ಎರಡರಲ್ಲೂ ಅಷ್ಟೇ. ಶಾಖವನ್ನು ಎತ್ತುವಾಗ ಈ ಎತ್ತರ ಅಂದರೆ ಹೊರಗಿನ ಗಾಳಿಗೂ ಒಳಗಿನ ನೀರಿಗೂ ಇರುವ ಡಿಗ್ರಿಗಳ ಅಂತರ.

ಫ್ರಾನ್ಸಿನ ಯುವ ಎಂಜಿನಿಯರ್ ಸಾದಿ ಕಾರ್ನೋ 1824ರಲ್ಲಿ ಉಗಿ ಯಂತ್ರಗಳ ಬಗ್ಗೆ ಬರೆದ ಪುಟ್ಟ ಪುಸ್ತಕದಿಂದ ಹೊಮ್ಮಿದ ವಿಚಾರ ಇದಕ್ಕೂ ಗೆರೆ ಎಳೆದಿದೆ. ಹೊರಗೆ ಸೊನ್ನೆ ಡಿಗ್ರಿ, ನೀರು 35 ಡಿಗ್ರಿ ಬೇಕೆಂದರೆ, ಒಂದು ಯೂನಿಟ್ ಕರೆಂಟಿಗೆ ಪ್ರಕೃತಿ ಒಪ್ಪುವ ಗರಿಷ್ಠ ಶಾಖ 8.8 ಯೂನಿಟ್. ನೀರು 55 ಡಿಗ್ರಿ ಬೇಕೆಂದರೆ ಆ ಮಿತಿ 6ಕ್ಕೆ ಕುಸಿಯುತ್ತದೆ. ನಿಜವಾದ ಯಂತ್ರಗಳು ಈ ಮಿತಿಯ ಅರ್ಧಕ್ಕಿಂತ ತುಸು ಕೆಳಗೆ ನಿಲ್ಲುತ್ತವೆ. 35 ಡಿಗ್ರಿಗೆ ಸುಮಾರು 4 ಯೂನಿಟ್, 55 ಡಿಗ್ರಿಗೆ ಎರಡೂವರೆಯ ಆಸುಪಾಸು. ನೀರನ್ನು ಒಂದೊಂದು ಡಿಗ್ರಿ ಇಳಿಸಿದಂತೆ ದಕ್ಷತೆ ಶೇಕಡಾ ಎರಡು, ಎರಡೂವರೆಯಷ್ಟು ಏರುತ್ತದೆ ಎಂದು ಈ ಕೆಲಸ ಬಲ್ಲವರು ಬಾಯಿಲೆಕ್ಕ ಹೇಳುತ್ತಾರೆ. ಯಾವ ಕಂಪನಿಯ ಯಾವ ಹೊಸ ತಂತ್ರಜ್ಞಾನವೂ ಈ ಗೆರೆಯನ್ನು ದಾಟಲಾರದು.

ಇದನ್ನು ದುಡ್ಡಿಗೆ ಇಳಿಸಿ ನೋಡೋಣ. ಈಚಿನ ವರ್ಷಗಳಲ್ಲಿ ಬ್ರಿಟನ್ನಿನ ಮನೆಗಳಿಗೆ ಕರೆಂಟು ಯೂನಿಟ್ಟಿಗೆ ಸುಮಾರು 26 ಪೆನ್ಸ್, ಗ್ಯಾಸ್ ಸುಮಾರು 6.5 ಪೆನ್ಸ್. ಅಂದರೆ ಕರೆಂಟು ನಾಲ್ಕು ಪಟ್ಟು ದುಬಾರಿ. ಬಾಯ್ಲರ್ ಶೇಕಡಾ 90ರ ದಕ್ಷತೆಯಲ್ಲಿ ಉರಿದರೆ ಒಂದು ಯೂನಿಟ್ ಶಾಖಕ್ಕೆ 7.2 ಪೆನ್ಸ್ ಬೀಳುತ್ತದೆ. ಇದಕ್ಕೆ ಸರಿಗಟ್ಟಬೇಕಾದರೆ ಹೀಟ್ ಪಂಪ್ ಒಂದಕ್ಕೆ 3.6 ಕೊಡಬೇಕು. ವರ್ಷಕ್ಕೆ 10,000 ಯೂನಿಟ್ ಶಾಖ ಬೇಡುವ ಮನೆಯೊಂದನ್ನು ತೆಗೆದುಕೊಳ್ಳಿ. ಗ್ಯಾಸಿನ ಖರ್ಚು 720 ಪೌಂಡ್. ಒಂದಕ್ಕೆ 2.8 ಕೊಡುವ ಹೀಟ್ ಪಂಪಿನಲ್ಲಿ 930. ಒಂದಕ್ಕೆ 4 ಕೊಡುವುದರಲ್ಲಿ 650. ಕಂಗಾಲಾದವರು, ಸಂತೋಷಪಟ್ಟವರು ಇಬ್ಬರೂ ಈ ಮೂರು ಸಂಖ್ಯೆಗಳಲ್ಲೇ ಇದ್ದಾರೆ. ಹೀಟ್ ಪಂಪ್ ಇರುವವರಿಗೆಂದೇ ಕಡಿಮೆ ದರ ಕೊಡುವ ವಿದ್ಯುತ್ ಕಂಪನಿಗಳಿವೆ, ಗ್ಯಾಸ್ ಸಂಪರ್ಕ ಪೂರ್ತಿ ಕಡಿದುಕೊಂಡರೆ ಅದರ ದಿನದ ಬಾಡಿಗೆಯೂ ಉಳಿಯುತ್ತದೆ. ಆದರೆ ದರದ ಆಸರೆಯನ್ನೇ ನಂಬಿ ಕಳಪೆ ವಿನ್ಯಾಸವನ್ನು ಒಪ್ಪಿಕೊಳ್ಳುವುದು ಜಾಣತನವಲ್ಲ. ದರ ಬದಲಾಗುತ್ತದೆ, ಮನೆ ಬೆಚ್ಚಗಿಡಲು ನೆಲದೊಳಗೆ ಹೂತ ನೀರಿನ ಪೈಪು ಬದಲಾಗುವುದಿಲ್ಲ.

2.8 ಎಂಬ ಸಂಖ್ಯೆಯನ್ನು ನಾನು ಸುಮ್ಮನೆ ಆರಿಸಲಿಲ್ಲ. ಬ್ರಿಟಿಷ್ ಸರ್ಕಾರ 742 ಮನೆಗಳಲ್ಲಿ ಹೀಟ್ ಪಂಪ್ ಹಾಕಿಸಿ ಅಳೆಸಿದಾಗ, ಗಾಳಿಯಿಂದ ಶಾಖ ಎಳೆಯುವ ಪಂಪುಗಳ ನಡುಮಟ್ಟದ ಫಲಿತಾಂಶ ಬಂದದ್ದು ಇದರ ಸುತ್ತಮುತ್ತಲೇ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಅಲ್ಲಿನ ಹಳೆಯ ಮನೆಗಳಲ್ಲಿ ಅಳೆದಾಗ ಗಾಳಿಯ ಪಂಪುಗಳು ಸರಾಸರಿ 3.1, ಮಣ್ಣಿನಿಂದ ಶಾಖ ಎಳೆಯುವ ಪಂಪುಗಳು 4.1 ಕೊಟ್ಟವು. ಮಣ್ಣು ಚಳಿಗಾಲದಲ್ಲೂ ಗಾಳಿಯಷ್ಟು ತಣ್ಣಗಾಗುವುದಿಲ್ಲ, ಎತ್ತಬೇಕಾದ ಎತ್ತರ ಕಡಿಮೆ, ಅದಕ್ಕೆ ಈ ಹೆಚ್ಚಳ. ಆದರೆ ಬೋರ್ ಕೊರೆಸುವ ಖರ್ಚು ದೊಡ್ಡದು, ನಗರದ ಸಾಲುಮನೆಯವರಿಗೆ ಜಾಗವೂ ಇರುವುದಿಲ್ಲ. ಬಹುಪಾಲು ಜನರಿಗೆ ಗಾಳಿಯೇ ಗತಿ. ಹೊರಗಿನ ಚಳಿ ನಮ್ಮ ಕೈಯಲ್ಲಿಲ್ಲ. ಒಳಗಿನ ನೀರಿನ ಡಿಗ್ರಿ ನಮ್ಮ ಕೈಯಲ್ಲಿದೆ.

ಚಳಿ ದೇಶಕ್ಕೆ ಇದು ಒಗ್ಗದು ಎಂಬ ಮಾತನ್ನು ಇನ್ನಾದರೂ ಬಿಡಬೇಕು. ನಾರ್ವೆಯಲ್ಲಿ ಹತ್ತು ಮನೆಗಳಲ್ಲಿ ಸುಮಾರು ಆರರಲ್ಲಿ ಹೀಟ್ ಪಂಪ್ ಇದೆ. ಸ್ವೀಡನ್, ಫಿನ್ಲೆಂಡುಗಳಲ್ಲಿ ಹತ್ತಕ್ಕೆ ನಾಲ್ಕಕ್ಕಿಂತ ಹೆಚ್ಚು. ಲಂಡನ್ನಿಗಿಂತ ಎಷ್ಟೋ ಕೊರೆಯುವ ಚಳಿಯ ನಾಡುಗಳು ಇವು. ಅಲ್ಲಿ ಮನೆ ಮನೆಗೆ ಗ್ಯಾಸ್ ಕೊಳವೆ ಬರಲೇ ಇಲ್ಲ. 1973ರ ತೈಲ ಬಿಕ್ಕಟ್ಟು ಬಂದಾಗ ಅವರು ವಿದ್ಯುತ್ತಿನ ಕಡೆ, ಗೋಡೆ ದಪ್ಪ ಮಾಡುವ ಕಡೆ, ಹೀಟ್ ಪಂಪಿನ ಕಡೆ ತಿರುಗಿದರು. ಬ್ರಿಟನ್ನಿಗೆ ಅದೇ ಹೊತ್ತಿಗೆ ಉತ್ತರ ಸಮುದ್ರದ ಗ್ಯಾಸ್ ಸಿಕ್ಕಿತು. 1967ರಿಂದ ಹತ್ತು ವರ್ಷ ಇಡೀ ದೇಶದ ಒಲೆ, ಬಾಯ್ಲರುಗಳನ್ನು ಅದಕ್ಕೆ ಹೊಂದಿಸಲಾಯಿತು. ಗ್ಯಾಸ್ ಅಗ್ಗವಾಗಿದ್ದಾಗ ಗೋಡೆಯ ಸಂದಿನಿಂದ ಶಾಖ ಸೋರಿದರೆ ಯಾರು ಕೇಳಬೇಕು? ಸಣ್ಣ ರೇಡಿಯೇಟರ್ ಹಾಕಿ, 70 ಡಿಗ್ರಿಯ ನೀರು ಹರಿಸಿ, ಬೆಳಿಗ್ಗೆ ಎರಡು ತಾಸು ಸಂಜೆ ನಾಲ್ಕು ತಾಸು ಉರಿಸುವ ಅಭ್ಯಾಸ ಬೇರೂರಿತು. ಈಗ ಹೀಟ್ ಪಂಪ್ ಎದುರಿಸುತ್ತಿರುವುದು ಬ್ರಿಟನ್ನಿನ ಚಳಿಯನ್ನಲ್ಲ, ಈ ಅಭ್ಯಾಸವನ್ನು.

ನನಗೆ ಬೇಸರದ ಸಂಗತಿಯೆಂದರೆ ಈ ವಿದ್ಯೆ ಬ್ರಿಟನ್ನಿನಲ್ಲೇ ಮೊಳೆತದ್ದು. ಶಾಖವನ್ನು ಹೀಗೆ ಎತ್ತಿ ಕಟ್ಟಡ ಬೆಚ್ಚಗಿಡಬಹುದೆಂದು 1852ರಲ್ಲೇ ಪ್ರಸ್ತಾಪಿಸಿದವರು ಗ್ಲಾಸ್ಗೋದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು. ನಾರ್ವಿಚ್ ನಗರದಲ್ಲಿ ಜಾನ್ ಸಮ್ನರ್ ಎಂಬ ಎಂಜಿನಿಯರ್ 1945ರ ಹೊತ್ತಿಗೆ, ಯುದ್ಧಕಾಲದ ಕೊರತೆಯ ನಡುವೆ, ಸಿಕ್ಕ ಹಳೆಯ ಸಾಮಾನುಗಳನ್ನೇ ಜೋಡಿಸಿ ವೆನ್ಸಮ್ ನದಿಯ ನೀರಿನಿಂದ ಶಾಖ ಎಳೆದು ನಗರದ ವಿದ್ಯುತ್ ಇಲಾಖೆಯ ಕಟ್ಟಡವನ್ನು ಬೆಚ್ಚಗಿಟ್ಟರು. ಆ ಯಂತ್ರ ಒಂದಕ್ಕೆ ಮೂರರಷ್ಟು ಕೊಟ್ಟಿತು. ಎಂಬತ್ತು ವರ್ಷದ ಹಿಂದಿನ ಆ ಜೋಡಣೆ ಇಂದಿನ ಎಷ್ಟೋ ಮನೆಗಳ ಹೊಸ ಯಂತ್ರಕ್ಕೆ ಸಮನಾಗಿತ್ತು ಎಂಬುದು ಯೋಚಿಸಬೇಕಾದ ಮಾತು.

ಇನ್ನು ನೆಲದ ವಿಷಯ. ಕಡಿಮೆ ಬಿಸಿಯ ನೀರಿನಿಂದ ಮನೆ ಬೆಚ್ಚಗಾಗಬೇಕಾದರೆ ಶಾಖ ಹೊರಬೀಳುವ ಮೈ ದೊಡ್ಡದಿರಬೇಕು. ಕೋಣೆಗಿಂತ 50 ಡಿಗ್ರಿ ಹೆಚ್ಚು ಬಿಸಿಯಿದ್ದಾಗ ಒಂದು ಕಿಲೋವ್ಯಾಟ್ ಕೊಡುವ ರೇಡಿಯೇಟರ್, 25 ಡಿಗ್ರಿ ಹೆಚ್ಚಿದ್ದಾಗ ಕೊಡುವುದು 400 ವ್ಯಾಟ್ ಮಾತ್ರ. ಅರ್ಧವೂ ಇಲ್ಲ. ಒಂದು ಮೀಟರ್ ಉದ್ದದ ಆ ತಗಡಿನ ಪೆಟ್ಟಿಗೆ ಎಲ್ಲಿ, ಇಪ್ಪತ್ತು ಚದರ ಮೀಟರಿನ ನೆಲ ಎಲ್ಲಿ! ಇಡೀ ನೆಲವೇ ಶಾಖ ಸೂಸಿದರೆ ಅದು ಸ್ವಲ್ಪವೇ ಬೆಚ್ಚಗಿದ್ದರೂ ಸಾಕು. ರೋಮನ್ನರು ನೆಲವನ್ನು ಕಂಬಗಳ ಮೇಲೆ ಎತ್ತಿ ಅಡಿಯಲ್ಲಿ ಬಿಸಿಗಾಳಿ ಹಾಯಿಸುತ್ತಿದ್ದರು. ಇಂಗ್ಲೆಂಡಿನ ಬಾತ್ ಪಟ್ಟಣಕ್ಕೆ ಹೋದವರು ಆ ಇಟ್ಟಿಗೆ ಕಂಬಗಳನ್ನು ಈಗಲೂ ನೋಡಬಹುದು. ಕೊರಿಯಾದ ಒಂಡೊಲ್ ಪದ್ಧತಿಯಲ್ಲಿ ಅಡುಗೆ ಒಲೆಯ ಹೊಗೆಯೇ ಕಲ್ಲುಚಪ್ಪಡಿಯ ಅಡಿಯಲ್ಲಿ ಹರಿದು ಮಲಗುವ ಕೋಣೆಯನ್ನು ಬೆಚ್ಚಗಿಡುತ್ತಿತ್ತು. ಇಂದಿನ ದಕ್ಷಿಣ ಕೊರಿಯಾದ ಅಪಾರ್ಟ್‌ಮೆಂಟುಗಳಲ್ಲೂ ನೆಲದೊಳಗೆ ಬಿಸಿನೀರಿನ ಪೈಪುಗಳಿರುವುದು ಆ ಪದ್ಧತಿಯ ಮುಂದುವರಿಕೆ.

ನೆಲ ಎಷ್ಟು ಬಿಸಿಯಾಗಬೇಕು? ಇಲ್ಲಿ ಹೆಚ್ಚಿನವರು ಎಡವುತ್ತಾರೆ. ನೆಲದ ಮೇಲ್ಮೈ ಕೋಣೆಗಿಂತ ಒಂದು ಡಿಗ್ರಿ ಹೆಚ್ಚಿದ್ದರೆ ಪ್ರತಿ ಚದರ ಮೀಟರಿನಿಂದ ಸುಮಾರು 11 ವ್ಯಾಟ್ ಶಾಖ ಬರುತ್ತದೆ. ನೂರು ಚದರ ಮೀಟರಿನ ಒಂದು ಮನೆ, ಹೊರಗೆ ಮೈನಸ್ 3 ಇದ್ದಾಗ, 5 ಕಿಲೋವ್ಯಾಟ್ ಶಾಖ ಕಳೆದುಕೊಳ್ಳುತ್ತದೆ ಎನ್ನಿ. ಚದರ ಮೀಟರಿಗೆ 50 ವ್ಯಾಟ್ ಬೇಕಾಯಿತು. ಕೋಣೆ 20 ಡಿಗ್ರಿ ಇರಬೇಕೆಂದರೆ ನೆಲ 25 ಡಿಗ್ರಿ ಇದ್ದರೆ ಸಾಕು. ಯುರೋಪಿನ ಮಾನದಂಡ ಜನ ಓಡಾಡುವ ಜಾಗದಲ್ಲಿ 29 ಡಿಗ್ರಿ ಮೀರಬಾರದು ಎನ್ನುತ್ತದೆ, ಏಕೆಂದರೆ ಅದಕ್ಕೂ ಮೇಲೆ ಕಾಲಿಗೆ ಹಿತವಲ್ಲ. ಅಂಗಾಲಿನ ಚರ್ಮವೇ ಆ ಮಟ್ಟದಲ್ಲಿರುವುದರಿಂದ 25 ಡಿಗ್ರಿಯ ಟೈಲ್ಸ್ ಬರಿಗಾಲಿಗೆ ಬಿಸಿ ಎನಿಸುವುದೇ ಇಲ್ಲ, ಕೊರೆಯುವುದಿಲ್ಲ, ಅಷ್ಟೇ. ಊರಿನಿಂದ ಬಂದ ಅಪ್ಪ ಅಮ್ಮ ನೆಲ ಮುಟ್ಟಿ ನೋಡಿ, ಇದು ಕೆಲಸವೇ ಮಾಡುತ್ತಿಲ್ಲವಲ್ಲ ಮಗಾ ಎನ್ನಬಹುದು. ಕೋಣೆಯಲ್ಲಿ ಸ್ವೆಟರ್ ಇಲ್ಲದೆ ಕೂತು ಕಾಫಿ ಕುಡಿಯುತ್ತಿದ್ದಾರಲ್ಲ, ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಅವರ ಮಾತು ಕೇಳಿ ನೀರಿನ ಬಿಸಿ ಏರಿಸಬೇಡಿ.

ಆದರೆ ಮನೆ ಸೋರುತ್ತಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಇಂಗ್ಲೆಂಡಿನ ಮನೆಗಳಲ್ಲಿ ಐದರಲ್ಲಿ ಒಂದು 1919ಕ್ಕಿಂತ ಹಿಂದಿನದು. ಅವುಗಳದ್ದು ಬಹುತೇಕ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆಯ ಗೋಡೆ. ಅಂಥ ಗೋಡೆಯ ಹತ್ತು ಚದರ ಮೀಟರ್, ಒಳಗೂ ಹೊರಗೂ ಇಪ್ಪತ್ತು ಡಿಗ್ರಿ ಅಂತರವಿದ್ದಾಗ, 400 ವ್ಯಾಟಿನಷ್ಟು ಸೋರಿಸುತ್ತದೆ. ಇಂದಿನ ಇನ್ಸುಲೇಷನ್ ಇರುವ ಹೊಸ ಗೋಡೆ ಸೋರಿಸುವುದು ಅದರ ಹತ್ತನೇ ಒಂದು ಭಾಗ. ನೂರು ಚದರ ಮೀಟರಿನ ಹಳೆಯ ಮನೆ 10 ಕಿಲೋವ್ಯಾಟ್ ಬೇಡಿದರೆ, ನೆಲ 29 ಡಿಗ್ರಿಯ ಗಡಿಗೇ ಬಂದು ನಿಲ್ಲುತ್ತದೆ, ನೀರು 45 ಡಿಗ್ರಿ ದಾಟುತ್ತದೆ. ಹಾಗಾಗಿ ಮೊದಲ ದುಡ್ಡು ಅಟ್ಟದ ಇನ್ಸುಲೇಷನ್ನಿಗೆ, ಕಿಟಕಿ ಬಾಗಿಲಿನ ಸಂದು ಮುಚ್ಚುವುದಕ್ಕೆ, ಗೋಡೆಯ ನಡುವೆ ಪೊಳ್ಳಿದ್ದರೆ ಅದನ್ನು ತುಂಬುವುದಕ್ಕೆ ಹೋಗಬೇಕು. ಇಡೀ ಮನೆಯನ್ನು ಹೊಸ ಮನೆಯಷ್ಟು ಬಿಗಿ ಮಾಡಿದ ಮೇಲೆಯೇ ಹೀಟ್ ಪಂಪ್ ಎಂದು ಕೆಲವರು ಹೆದರಿಸುತ್ತಾರೆ, ಅದೂ ಸರಿಯಲ್ಲ. ಸುಲಭವಾಗಿ ಆಗುವುದನ್ನು ಮಾಡಿ, ಉಳಿದ ಸೋರಿಕೆಯನ್ನು ಕೋಣೆ ಕೋಣೆಯಾಗಿ ಲೆಕ್ಕ ಹಾಕಿ, ಆ ಲೆಕ್ಕಕ್ಕೆ ತಕ್ಕ ಪೈಪು, ತಕ್ಕ ಯಂತ್ರ ಹಾಕಿಸಿದರೆ ಹಳೆಯ ಮನೆಯೂ ಬೆಚ್ಚಗಿರುತ್ತದೆ. ಜರ್ಮನಿಯ ಆ 3.1 ಬಂದದ್ದು ಹಳೆಯ ಮನೆಗಳಿಂದಲೇ.

ಪೈಪಿನ ಕೆಲಸದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಅಲ್ಲಿ ಜಿಪುಣತನ ಬೇಡ. ಸಾಮಾನ್ಯವಾಗಿ 16 ಮಿಲಿಮೀಟರಿನ ಪ್ಲಾಸ್ಟಿಕ್ ಪೈಪನ್ನು 15 ಸೆಂಟಿಮೀಟರಿಗೊಂದರಂತೆ ಸಾಲಾಗಿ ಹಾಸುತ್ತಾರೆ. ಖರ್ಚು ಉಳಿಸಲು 20 ಸೆಂಟಿಮೀಟರ್ ಅಂತರ ಬಿಡುವವರೂ ಇದ್ದಾರೆ. ಬದಲಿಗೆ 10ಕ್ಕೆ ಹತ್ತಿರ ತಂದರೆ ಅದೇ ಶಾಖವನ್ನು ಇನ್ನೂ ಕೆಲವು ಡಿಗ್ರಿ ಕಡಿಮೆ ನೀರಿನಲ್ಲಿ ಪಡೆಯಬಹುದು. ಪೈಪು ಅಗ್ಗ, ಅದರ ಆಯುಷ್ಯ ಮನೆಯಷ್ಟೇ ದೀರ್ಘ, ಒಮ್ಮೆ ಗಾರೆ ಸುರಿದ ಮೇಲೆ ಯಾರೂ ಅಗೆದು ಸರಿಮಾಡುವುದಿಲ್ಲ. ಒಂದೊಂದು ಸುತ್ತೂ ನೂರು ಮೀಟರ್ ಮೀರದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ನೀರು ತಳ್ಳಲು ಪಂಪಿಗೆ ಕಷ್ಟ. ಪೈಪಿನ ಅಡಿಯಲ್ಲಿ ದಪ್ಪ ಇನ್ಸುಲೇಷನ್ ಇಲ್ಲದಿದ್ದರೆ ನೀವು ಬೆಚ್ಚಗಿಡುವುದು ಭೂಮಿಯನ್ನು. ಗಾರೆ ಸುರಿಯುವ ಮುನ್ನ ಪೈಪಿಗೆ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸಬೇಕು. ಸುರಿದ ಮೇಲೆ ಒಣಗಲು ವಾರಗಟ್ಟಲೆ ಬಿಡಬೇಕು, ಬೇಗ ಬಿಸಿ ಮಾಡಿದರೆ ಬಿರುಕು ಬಿಡುತ್ತದೆ. ಮೇಲೆ ಕಲ್ಲು ಅಥವಾ ಟೈಲ್ಸ್ ಉತ್ತಮ. ಮರದ ಹಲಗೆಯಾದರೆ ಮೇಲ್ಮೈ 27 ಡಿಗ್ರಿ ದಾಟದಂತೆ ನೋಡಬೇಕು. ದಪ್ಪ ಕಾರ್ಪೆಟ್ ಹಾಸುವುದಾದರೆ ಈ ಇಡೀ ಖರ್ಚಿಗೆ ಅರ್ಥವಿಲ್ಲ.

ಇದ್ದ ಮನೆಯ ನೆಲ ಅಗೆಯುವುದು ಎಲ್ಲರಿಗೂ ಸಾಧ್ಯವಿಲ್ಲ. ಹಳೆಯ ನೆಲದ ಮೇಲೆಯೇ ಕೂರಿಸುವ, ಎರಡು ಸೆಂಟಿಮೀಟರಿನ ಆಸುಪಾಸು ದಪ್ಪದ, ಪೈಪು ಕೂರಲು ತೋಡು ಕೊರೆದ ಹಲಗೆಗಳು ಸಿಗುತ್ತವೆ. ಬಾಗಿಲ ಅಡಿಯನ್ನು ಸ್ವಲ್ಪ ಕೊಯ್ಯಬೇಕಾಗುತ್ತದೆ, ಮೆಟ್ಟಿಲ ಮೊದಲ ಹೆಜ್ಜೆಯ ಎತ್ತರ ಬದಲಾಗುತ್ತದೆ. ಹೆಚ್ಚಿನವರು ಮಾಡುವುದು ಕೆಳ ಅಂತಸ್ತಿಗೆ ನೆಲದ ಪೈಪು, ಮಹಡಿಗೆ ರೇಡಿಯೇಟರ್. ಒಳ್ಳೆಯ ಏರ್ಪಾಡೇ. ಆದರೆ ಅಪಾಯ ಇರುವುದೂ ಇಲ್ಲೇ. ಇಡೀ ಮನೆಯ ನೀರಿನ ಬಿಸಿಯನ್ನು ನಿರ್ಧರಿಸುವುದು ಎಲ್ಲಕ್ಕಿಂತ ದುರ್ಬಲವಾದ ಕೋಣೆ. ನೆಲದ ಪೈಪು 35ರಲ್ಲಿ ತೃಪ್ತವಾಗಿದ್ದರೂ ಮಹಡಿಯ ಸಣ್ಣ ಕೋಣೆಯ ಹಳೆಯ ರೇಡಿಯೇಟರ್ 55 ಬೇಡಿದರೆ, ಯಂತ್ರ 55ನ್ನೇ ಮಾಡಬೇಕು. ಆಮೇಲೆ ಅದಕ್ಕೆ ತಣ್ಣೀರು ಬೆರೆಸುವ ವಾಲ್ವ್ ಇಟ್ಟು ನೆಲಕ್ಕೆ 35 ಮಾಡಿ ಕಳಿಸುತ್ತಾರೆ. ದುಬಾರಿ ಕೊಟ್ಟು ಎತ್ತಿದ್ದನ್ನು ಮತ್ತೆ ಕೆಳಗಿಳಿಸುವ ಈ ವಾಲ್ವ್ ಬಾಯ್ಲರ್ ಕಾಲದ ಪಳೆಯುಳಿಕೆ. ಆ ಒಂದು ಕೋಣೆಗೆ ಎರಡು ಪದರಿನ ದೊಡ್ಡ ರೇಡಿಯೇಟರ್ ಹಾಕಿಸಲು ಕೆಲವು ನೂರು ಪೌಂಡ್ ಖರ್ಚಾದೀತು. ಮನೆಯ ಇನ್ಯಾವ ಖರ್ಚೂ ಅಷ್ಟು ಬೇಗ ಹಿಂದಿರುಗಲಾರದು. 2022ರಿಂದ ಇಂಗ್ಲೆಂಡಿನ ಕಟ್ಟಡ ನಿಯಮವೂ ಹೊಸದಾಗಿ ಹಾಕುವ ನೀರಿನ ವ್ಯವಸ್ಥೆ 55 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ನಡೆಯುವಂತಿರಬೇಕು ಎನ್ನುತ್ತದೆ. ಅದು ಕೊನೆಯ ಗಡಿ, ಗುರಿಯಲ್ಲ.

ನಡೆಸುವ ರೀತಿಯೂ ಬೇರೆ. ಐದಾರು ಸೆಂಟಿಮೀಟರ್ ದಪ್ಪದ ಗಾರೆ ಬಿಸಿಯಾಗಲು ಗಂಟೆಗಟ್ಟಲೆ ಹಿಡಿಯುತ್ತದೆ, ತಣ್ಣಗಾಗಲೂ ಅಷ್ಟೇ. ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಿದರೆ ಮನೆ ಬೆಚ್ಚಗಾಗುವುದು ಮಧ್ಯಾಹ್ನಕ್ಕೆ. ಆ ಹೊತ್ತಿಗೆ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ. ಕಳೆದುಕೊಂಡದ್ದನ್ನು ತುಂಬಿಸಲು ಯಂತ್ರ ಹೆಚ್ಚು ಬಿಸಿ ನೀರು ಮಾಡಬೇಕಾಗುತ್ತದೆ, ಉಳಿಸಿದೆವು ಅಂದುಕೊಂಡದ್ದು ಅಲ್ಲಿ ಹೋಗುತ್ತದೆ. ಹೀಟ್ ಪಂಪ್ ಹಗಲೂ ರಾತ್ರಿ ಮೆಲ್ಲಗೆ ಓಡುತ್ತಿರಬೇಕು. ಹೊರಗಿನ ಚಳಿಗೆ ತಕ್ಕಂತೆ ನೀರಿನ ಬಿಸಿಯನ್ನು ತಾನೇ ಹೊಂದಿಸಿಕೊಳ್ಳುವ ಏರ್ಪಾಡು ಈಗಿನ ಎಲ್ಲ ಒಳ್ಳೆಯ ಯಂತ್ರಗಳಲ್ಲಿದೆ. ಹೊರಗೆ 10 ಡಿಗ್ರಿ ಇದ್ದರೆ 28ರ ನೀರು, ಮೈನಸ್ 3 ಇದ್ದರೆ 35ರ ನೀರು, ಹೀಗೆ. ಅದನ್ನು ಸರಿಯಾಗಿ ಹೊಂದಿಸಲು ಒಂದು ಚಳಿಗಾಲ ಬೇಕಾದೀತು. ವಾರಕ್ಕೊಮ್ಮೆ ಒಂದೊಂದು ಡಿಗ್ರಿ ಇಳಿಸುತ್ತ ಹೋಗಿ, ಯಾವ ಹಂತದಲ್ಲಿ ಮನೆಯವರಿಗೆ ಚಳಿ ಎನಿಸುತ್ತದೋ ಅಲ್ಲಿಂದ ಒಂದು ಡಿಗ್ರಿ ಮೇಲೆ ನಿಲ್ಲಿಸಿದರೆ ಮುಗಿಯಿತು. ಕೋಣೆ ಕೋಣೆಗೂ ಥರ್ಮೋಸ್ಟಾಟ್ ಇಟ್ಟು, ಬಳಸದ ಕೋಣೆಗಳನ್ನು ಮುಚ್ಚಿ ಉಳಿಸುವ ಚಾಳಿಯನ್ನು ಬಿಡಬೇಕು. ನೆಲದ ವಿಸ್ತಾರವೇ ನಮ್ಮ ಬಲವಾಗಿರುವಾಗ ಅದನ್ನು ಮುಚ್ಚುತ್ತ ಹೋದರೆ ಉಳಿದ ಕೋಣೆಗಳಿಗೆ ನೀರು ಇನ್ನಷ್ಟು ಬಿಸಿ ಬೇಕಾಗುತ್ತದೆ.

ಯಂತ್ರ ದೊಡ್ಡದಿದ್ದರೆ ಒಳ್ಳೆಯದು ಎಂಬ ನಂಬಿಕೆಯೂ ನಷ್ಟಕ್ಕೆ ದಾರಿ. ಮೈನಸ್ 3ರ ದಿನಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ದಕ್ಷಿಣ ಇಂಗ್ಲೆಂಡಿನ ಸಾಮಾನ್ಯ ಚಳಿಗಾಲದ ದಿನ 7 ಡಿಗ್ರಿಯ ಸುತ್ತ ಇರುತ್ತದೆ. ಆಗ ಮನೆಗೆ ಬೇಕಾಗುವುದು ಗರಿಷ್ಠದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆರು ಕಿಲೋವ್ಯಾಟ್ ಸಾಕಾಗುವ ಮನೆಗೆ ಹನ್ನೆರಡರದನ್ನು ತಂದು ಕೂರಿಸಿದರೆ ಅದು ಅಷ್ಟು ಕೆಳಗಿಳಿದು ಓಡಲಾರದೆ ಹತ್ತಿಕೊಂಡು ಆರಿಕೊಂಡು ಸವೆಯುತ್ತದೆ. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ 1951ರಲ್ಲಿ ಥೇಮ್ಸ್ ನದಿಯಿಂದ ಶಾಖ ಎಳೆಯುವ ಭಾರಿ ಹೀಟ್ ಪಂಪ್ ಇಟ್ಟಿದ್ದರು. ಸಭಾಂಗಣದ ಅಗತ್ಯಕ್ಕಿಂತ ಅದು ದೊಡ್ಡದಾಗಿತ್ತು, ಹೆಚ್ಚು ಕಾಲ ನಡೆಯಲಿಲ್ಲ. ಅದೇ ತಪ್ಪು ಇಂದಿಗೂ ಮನೆಗಳಲ್ಲಿ ನಡೆಯುತ್ತಿರುವುದು ಕಂಡಾಗ ಸಂಕಟವಾಗುತ್ತದೆ. ಕೋಣೆಗಳನ್ನು ಅಳೆಯದೆ, ಹಳೆಯ ಬಾಯ್ಲರ್ ಎಷ್ಟರದ್ದು ಎಂದು ಕೇಳಿ ಅದರ ಮೇಲೆ ಅಂದಾಜು ಕಟ್ಟುವವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿ.

ತೊಡಕುಗಳೂ ಇವೆ, ಮುಚ್ಚಿಡಬಾರದು. ಸ್ನಾನಕ್ಕೆ 50 ಡಿಗ್ರಿಯ ನೀರು ಬೇಕು, ರೋಗಾಣು ಬೆಳೆಯದಂತೆ ಆಗಾಗ 60ಕ್ಕೂ ಏರಿಸಬೇಕು. ಅಷ್ಟು ಹೊತ್ತು ದಕ್ಷತೆ ಇಳಿಯುತ್ತದೆ. ಆ ನೀರು ತುಂಬಿಡಲು ದೊಡ್ಡ ಸಿಲಿಂಡರ್ ಬೇಕು. ಸಣ್ಣ ಗೋಡೆ ಬಾಯ್ಲರಿಗೆ ಒಗ್ಗಿದ ಮನೆಗಳಲ್ಲಿ ಅದಕ್ಕೊಂದು ಬೀರುವಿನಷ್ಟು ಜಾಗ ಹುಡುಕುವುದೇ ತಲೆನೋವು. ಬ್ರಿಟನ್ನಿನ ತೇವದ ಚಳಿಯಲ್ಲಿ, ಸೊನ್ನೆಯಿಂದ ಐದು ಡಿಗ್ರಿಯ ನಡುವೆ, ಹೊರಗಿನ ಯಂತ್ರದ ರೆಕ್ಕೆಗಳ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಕೆಲವು ನಿಮಿಷ ಹಿಂದುಮುಂದಾಗಿ ಓಡುತ್ತದೆ. ಆಗ ಹಬೆ ಏಳುವುದನ್ನು ಕಂಡು ಹೆದರಬೇಕಿಲ್ಲ, ಕರಗಿದ ನೀರು ಹರಿಯಲು ಜಾಗ ಮಾಡಿದ್ದರೆ ಸಾಕು. ಪ್ರೊಪೇನ್ ಹತ್ತಿಕೊಳ್ಳುವ ಅನಿಲ, ಹಾಗಾಗಿ ಯಂತ್ರವನ್ನು ಬಾಗಿಲು, ಕಿಟಕಿ, ಚರಂಡಿ ಬಾಯಿಗಳಿಂದ ದೂರ ಇಡುವ ನಿಯಮವಿದೆ. ಆದರೆ ಹಿಂದೆ ಬಳಸುತ್ತಿದ್ದ ಆರ್-410ಎ ಅನಿಲ ಸೋರಿದರೆ ಭೂಮಿಯನ್ನು ಬಿಸಿಯಾಗಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ 2,088 ಪಟ್ಟು. ಪ್ರೊಪೇನಿನದು ಅತ್ಯಲ್ಪ. ಈ ಬದಲಾವಣೆ ಒಳ್ಳೆಯದೇ. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿದ ಮೇಲೆ, ಅಲ್ಲಿ ಕರೆಂಟಿನಿಂದ ಮನೆ ಬೆಚ್ಚಗಿಡುವುದು ಗ್ಯಾಸ್ ಸುಡುವುದಕ್ಕಿಂತ ಗಾಳಿಗೆ ಎಷ್ಟೋ ಹಗುರ.

ಕರ್ನಾಟಕದಲ್ಲಿರುವವರಿಗೆ ಮನೆ ಬಿಸಿ ಮಾಡುವ ಅಗತ್ಯವಿಲ್ಲ, ಆದರೆ ಇದೇ ತತ್ವ ಇಲ್ಲಿಯೂ ದುಡಿಯುತ್ತಿದೆ. ಬೆಂಗಳೂರಿನ ಹೋಟೆಲುಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಸ್ನಾನದ ನೀರಿಗೆ ಹೀಟ್ ಪಂಪ್ ಬಂದಿದೆ. ಇಲ್ಲಿನ ಗಾಳಿ ವರ್ಷವಿಡೀ ಬೆಚ್ಚಗಿರುವುದರಿಂದ ಅದು ಗೀಸರಿನ ಮೂರನೇ ಒಂದು ಭಾಗದಷ್ಟು ಕರೆಂಟಿನಲ್ಲಿ ಅದೇ ನೀರು ಕೊಡಬಲ್ಲದು. ಬೆಂಗಳೂರು ಮೂಲದ ಇನ್ಫೋಸಿಸ್ 2011ರಲ್ಲಿ ಹೈದರಾಬಾದಿನ ತನ್ನ ಆವರಣದ ಒಂದು ಕಟ್ಟಡದ ಅರ್ಧಕ್ಕೆ ಮಾಮೂಲಿ ಎ.ಸಿ. ಹಾಕಿಸಿ, ಇನ್ನರ್ಧದಲ್ಲಿ ಕಾಂಕ್ರೀಟ್ ಚಪ್ಪಡಿಯೊಳಗೆ ಪೈಪು ಹೂತು ತಣ್ಣೀರು ಹರಿಸಿ, ಎರಡನ್ನೂ ಪಕ್ಕಪಕ್ಕದಲ್ಲೇ ಅಳೆಯಿತು. ಪೈಪಿನ ಭಾಗಕ್ಕೆ ಮೂರನೇ ಒಂದರಷ್ಟು ಕರೆಂಟು ಕಡಿಮೆ ಸಾಕಾಯಿತು. ಮೈ ದೊಡ್ಡದಾದಾಗ ನೀರು ಅಷ್ಟು ತಣ್ಣಗಿರಬೇಕಿಲ್ಲ ಎಂಬ ಕಾರಣ ಅಲ್ಲಿಯೂ ಇದೆ.

ಬ್ರಿಟನ್ನಿನ ಓದುಗರಿಗೆ ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ, ಇದಕ್ಕೆ ಒಂದು ಪೆನ್ನಿಯೂ ಖರ್ಚಿಲ್ಲ. ಯಾವ ಕಂಪನಿಯವರನ್ನೂ ಕರೆಸುವ ಮೊದಲು, ಬರುವ ಜನವರಿಯ ಚಳಿಯಲ್ಲಿ ನಿಮ್ಮ ಈಗಿನ ಗ್ಯಾಸ್ ಬಾಯ್ಲರಿನ ರೇಡಿಯೇಟರ್ ನೀರಿನ ಬಿಸಿಯನ್ನು 50 ಡಿಗ್ರಿಗೆ ಇಳಿಸಿ. ಸ್ನಾನದ ನೀರಿನ ಸಿಲಿಂಡರ್ ಇದ್ದರೆ ಅದರ 60 ಡಿಗ್ರಿಯನ್ನು ಮಾತ್ರ ಮುಟ್ಟಬೇಡಿ. ಇಳಿಸಿದ ಮೇಲೆ ದಿನವಿಡೀ ಉರಿಯಲು ಬಿಡಿ. ಮನೆ ಬೆಚ್ಚಗೇ ಉಳಿದರೆ ನಿಮ್ಮ ಮನೆ ಹೀಟ್ ಪಂಪಿಗೆ ಬಹುಮಟ್ಟಿಗೆ ಸಿದ್ಧವಾಗಿದೆ. ಒಂದೆರಡು ಕೋಣೆ ಮಾತ್ರ ತಣ್ಣಗಾದರೆ ದೊಡ್ಡ ರೇಡಿಯೇಟರ್ ಎಲ್ಲಿ ಬೇಕು ಎಂದು ಗೊತ್ತಾಯಿತು. ಇಡೀ ಮನೆ ತಣ್ಣಗಾದರೆ ಮೊದಲು ಗೋಡೆ, ಅಟ್ಟ, ಕಿಟಕಿಗಳ ಕಡೆ ನೋಡಿ. ಆಮೇಲೆ ಬರುವವರನ್ನು ಕೇಳಿ: ಅತಿ ಚಳಿಯ ದಿನ ನನ್ನ ಮನೆಗೆ ಎಷ್ಟು ಡಿಗ್ರಿಯ ನೀರು ಬೇಕು? ಉತ್ತರವನ್ನು ಬರೆದುಕೊಡುವವರಿಗೆ ಮಾತ್ರ ಕೆಲಸ ಕೊಡಿ.